ಬ್ರೌಸರಿನ ವಿಸ್ತರಣೆಗಳು: ಹೊಂದಾಣಿಕೆ ಮತ್ತು ಪ್ರಮಾಣೀಕರಣದ ಸಮಸ್ಯೆ

ಹಸ್ತಪ್ರತಿಗಳ ಅಧ್ಯಯನವು ಇಂದು ಭಂಡಾರದ ಕಪಾಟಿನ ಮುಂದೆ ಕುಳಿತು ಮಾತ್ರ ನಡೆಸುವ ಕಾರ್ಯವಾಗಿ ಉಳಿದಿಲ್ಲ. ದೂರದೇಶದ ಗ್ರಂಥಾಲಯಗಳ ಸೂಚೀಪತ್ರಗಳನ್ನೂ ಓಲೆಗರಿಗಳ ಛಾಯಾಪ್ರತಿಗಳನ್ನೂ ಕಂಪ್ಯೂಟರಿನ ಪರದೆಯ ಮೇಲೆ ನೋಡುವುದು ವಿದ್ವಾಂಸರಿಗೆ ರೂಢಿಯಾಗಿದೆ. ಹಾಗೆ ನೋಡಲು ಒದಗುವ ಸಾಧನವೇ ಬ್ರೌಸರು. ಈ ಬ್ರೌಸರಿಗೆ ಹೊರಗಿನವರು ರಚಿಸಿ ಸೇರಿಸುವ ಸಣ್ಣ ಕ್ರಮವಿಧಿಗಳಿಗೆ ಎಕ್ಸ್‌ಟೆನ್ಷನ್ ಎಂದು ಹೆಸರು. ಕನ್ನಡದಲ್ಲಿ ‘ವಿಸ್ತರಣೆ’ ಎಂಬ ಮಾತು ಬಳಕೆಗೆ ಬಂದಿದೆ. ಒಂದು ಬ್ರೌಸರಿಗಾಗಿ ಬರೆದ ವಿಸ್ತರಣೆ ಮತ್ತೊಂದರಲ್ಲಿ ನಡೆಯುವುದೇ, ಇಂದು ನಡೆದದ್ದು ನಾಳೆಯ ಆವೃತ್ತಿಯಲ್ಲಿಯೂ ನಡೆಯುವುದೇ, ನಡೆಯದಿದ್ದರೆ ಅದಕ್ಕೆ ಕಾರಣವೇನು ಎಂಬ ಪ್ರಶ್ನೆಗಳು ಯಂತ್ರಜ್ಞರಿಗೆ ಮಾತ್ರ ಸಂಬಂಧಿಸಿದವೆಂದು ಮೇಲುನೋಟಕ್ಕೆ ತೋರುತ್ತವೆ. ವಸ್ತುಸ್ಥಿತಿ ಹಾಗಿಲ್ಲ. ಹತ್ತಾರು ವರ್ಷಗಳ ಟಿಪ್ಪಣಿಗಳನ್ನೂ ಗ್ರಂಥಋಣದ ಪಟ್ಟಿಗಳನ್ನೂ ಇಂಥ ಸಾಧನಗಳಿಗೆ ಒಪ್ಪಿಸಿದವರ ಸಂಖ್ಯೆ ಕಡಮೆಯಲ್ಲ.

ವಿಸ್ತರಣೆಯ ಸ್ವರೂಪವನ್ನು ಹಸ್ತಪ್ರತಿಯ ಪರಿಭಾಷೆಯಲ್ಲಿ ಹೇಳುವುದು ಸುಲಭ. ಮೂಲಗ್ರಂಥದ ಪಂಕ್ತಿಗಳ ನಡುವೆ, ಅಂಚಿನಲ್ಲಿ, ಓದುಗನೊಬ್ಬ ಟಿಪ್ಪಣಿ ಬರೆದುಕೊಳ್ಳುತ್ತಾನೆ. ಆ ಟಿಪ್ಪಣಿ ಅವನ ಪ್ರತಿಯಲ್ಲಿ ಇರುತ್ತದೆಯೇ ಹೊರತು ಬೇರೆ ಭಂಡಾರದ ಪ್ರತಿಯನ್ನು ಮುಟ್ಟುವುದಿಲ್ಲ. ಗ್ರಂಥಾಲಯದ ಕಂಪ್ಯೂಟರಿನಿಂದ ಬಂದ ಪುಟವು ಓದುಗನ ಯಂತ್ರದಲ್ಲಿ ತೆರೆದುಕೊಂಡಾಗ, ವಿಸ್ತರಣೆಯು ಅದರ ಮೇಲೆ ತನ್ನ ಕೆಲಸ ಮಾಡುತ್ತದೆ. ಪದಕ್ಕೆ ಅರ್ಥ ತೋರಿಸಬಹುದು, ಲಿಪಿಯನ್ನು ಬದಲಾಯಿಸಬಹುದು, ಜಾಹೀರಾತನ್ನು ಅಳಿಸಬಹುದು, ಪುಟದಲ್ಲಿರುವ ಗ್ರಂಥನಾಮ ಕರ್ತೃನಾಮಗಳನ್ನು ಎತ್ತಿಕೊಂಡು ಸಂಗ್ರಹಿಸಬಹುದು. ಮೂಲಪುಟ ಇದ್ದಂತೆಯೇ ಇರುತ್ತದೆ. ಓದುಗ ಕಾಣುವ ಪಾಠ ಮಾತ್ರ ಬೇರೆಯಾಗುತ್ತದೆ. ಈ ಕಾರಣದಿಂದಲೇ, ಪರದೆಯ ಮೇಲೆ ಕಂಡ ಪಾಠವನ್ನು ಪಾಠಾಂತರವೆಂದು ದಾಖಲಿಸುವ ಮೊದಲು ಅಲ್ಲಿ ವಿಸ್ತರಣೆಯೊಂದು ಕೈಯಾಡಿಸಿಲ್ಲವೆಂಬುದನ್ನು ನಿಶ್ಚಯಿಸಿಕೊಳ್ಳುವುದು ಸಂಪಾದಕನ ಕರ್ತವ್ಯವಾಗುತ್ತದೆ.

ಇಂದಿನ ವಿಸ್ತರಣೆಯಲ್ಲಿ ಮುಖ್ಯವಾಗಿ ಮೂರು ಅಂಗಗಳಿರುತ್ತವೆ. ಮೊದಲನೆಯದು ಮ್ಯಾನಿಫೆಸ್ಟ್ ಎಂಬ ವಿವರಪತ್ರ. ಹೆಸರು, ಆವೃತ್ತಿ, ಯಾವ ಯಾವ ತಾಣಗಳನ್ನು ಓದಲು ಅನುಮತಿ ಬೇಕು ಎಂಬುದೆಲ್ಲ ಇದರಲ್ಲಿ ನಮೂದಾಗಿರುತ್ತದೆ. ಎರಡನೆಯದು ಪುಟದೊಳಗೆ ಹೊಕ್ಕು ಕೆಲಸ ಮಾಡುವ ಭಾಗ. ಮೂರನೆಯದು ಹಿನ್ನೆಲೆಯಲ್ಲಿದ್ದು ಇವುಗಳನ್ನು ಹೊಂದಿಸುವ ಭಾಗ. ಈ ಮೂರೂ ಬ್ರೌಸರಿನೊಡನೆ ವ್ಯವಹರಿಸುವುದು ಗೊತ್ತಾದ ಕೆಲವು ಆಜ್ಞಾಸೂತ್ರಗಳ ಮೂಲಕ. ಆ ಸೂತ್ರಗಳು ಎಲ್ಲ ಬ್ರೌಸರುಗಳಲ್ಲಿಯೂ ಒಂದೇ ಆಗಿದ್ದರೆ ಹೊಂದಾಣಿಕೆಯ ಪ್ರಶ್ನೆಯೇ ಏಳುತ್ತಿರಲಿಲ್ಲ.

ಆದರೆ ಇತಿಹಾಸ ಬೇರೆ ರೀತಿಯಲ್ಲಿ ನಡೆಯಿತು. ಪುಟವನ್ನು ಬರೆಯುವ ಭಾಷೆಗೆ, ಅದರ ಅಲಂಕಾರಕ್ಕೆ, ಅದರೊಳಗಿನ ಜಾವಾಸ್ಕ್ರಿಪ್ಟಿಗೆ ಬಹುಜನರು ಕೂಡಿ ಚರ್ಚಿಸಿ ಲಿಖಿತವಾಗಿ ಒಪ್ಪಿದ ಪ್ರಮಾಣಗಳುಂಟು. ವಿಸ್ತರಣೆಗೆ ಅಂಥ ಪ್ರಮಾಣವಿಲ್ಲದೆಯೇ ಬಳಕೆ ಬೆಳೆಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ನಾಲ್ಕನೆಯ ಆವೃತ್ತಿಯಲ್ಲಿ, ೧೯೯೭ರಲ್ಲಿ, ಹೊರಗಿನ ಕ್ರಮವಿಧಿಗಳು ಬ್ರೌಸರಿನೊಳಗೆ ಸೇರಿಕೊಳ್ಳಲು ದಾರಿಯಾಯಿತು. ಅವು ವಿಂಡೋಸಿನ ಯಂತ್ರಭಾಷೆಗೆ ಕಟ್ಟುಬಿದ್ದವು. ಬೇರೆ ಬ್ರೌಸರಿಗೆ ಒಯ್ಯುವ ಮಾತೇ ಇರಲಿಲ್ಲ. ಕಳ್ಳ ಕ್ರಮವಿಧಿಗಳಿಗೆ ಈ ದಾರಿ ಬಹಳ ಅನುಕೂಲವಾಯಿತೆಂಬುದನ್ನು ಬಿಟ್ಟರೆ ಪ್ರಕೃತ ವಿಷಯಕ್ಕೆ ಅದರಿಂದ ಹೆಚ್ಚೇನೂ ಲಭಿಸದು.

ವಿಚಾರಕ್ಕೆ ತಕ್ಕ ಉದಾಹರಣೆ ಮೊಝಿಲ್ಲಾದವರ ಫೈರ್‌ಫಾಕ್ಸ್. ಇದರ ಮೊದಲ ಆವೃತ್ತಿ ೨೦೦೪ರ ನವೆಂಬರಿನಲ್ಲಿ ಹೊರಬಂದಿತು. ಅದರ ಮೇಲ್ಮೈಯನ್ನು ಎಕ್ಸ್‌ಯುಎಲ್ ಎಂದು ಬರೆದು ಝೂಲ್ ಎಂದು ಉಚ್ಚರಿಸುವ ಭಾಷೆಯಲ್ಲಿ ರಚಿಸಲಾಗಿತ್ತು. ವಿಸ್ತರಣೆಯನ್ನು ಬರೆಯುವವನು ಅದೇ ಭಾಷೆಯಲ್ಲಿ ಒಂದು ಪದರವನ್ನು ಬರೆದು ಬ್ರೌಸರಿನ ಮೇಲೆ ಹೊದಿಸಬಹುದಾಗಿತ್ತು. ಅವನ ಕೈಗೆ ಸಿಗದ ಅಂಗವೇ ಬ್ರೌಸರಿನಲ್ಲಿ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗದು. ಈ ಸ್ವಾತಂತ್ರ್ಯದಿಂದ ಅದ್ಭುತವಾದ ಸಾಧನಗಳು ಹುಟ್ಟಿದುವು. ಆದರೆ ಇದೇ ಅದರ ದೋಷವೂ ಆಗಿತ್ತು. ಒಳಗಿನ ಭಾಗಗಳನ್ನೇ ಹೊರಗಿನವರು ಆಶ್ರಯಿಸಿದ್ದುದರಿಂದ, ಬ್ರೌಸರಿನ ಕರ್ತೃಗಳು ಒಳಗೆ ಯಾವುದನ್ನು ತಿದ್ದಿದರೂ ಹೊರಗೆ ಯಾವುದೋ ಒಂದು ವಿಸ್ತರಣೆ ಕುಸಿಯುತ್ತಿತ್ತು. ಆದಕಾರಣ ಪ್ರತಿಯೊಂದು ವಿಸ್ತರಣೆಯೂ ತಾನು ಬ್ರೌಸರಿನ ಎಷ್ಟನೆಯ ಆವೃತ್ತಿಯವರೆಗೆ ಹೊಂದುವೆನೆಂದು ಮೊದಲೇ ನಮೂದಿಸಬೇಕೆಂಬ ನಿಯಮವಿತ್ತು. ೨೦೧೧ರಲ್ಲಿ ಫೈರ್‌ಫಾಕ್ಸ್ ಕೆಲವೇ ವಾರಗಳಿಗೊಂದು ಹೊಸ ಆವೃತ್ತಿಯನ್ನು ಹೊರಡಿಸತೊಡಗಿದಾಗ ಈ ನಿಯಮವೇ ತೊಡಕಾಯಿತು. ಸರಿಯಾಗಿಯೇ ನಡೆಯಬಲ್ಲ ವಿಸ್ತರಣೆಗಳು ಕೂಡ ನಮೂದಿಸಿದ ಸಂಖ್ಯೆ ಮೀರಿತೆಂಬ ಕಾರಣಕ್ಕೆ ನಿಂತುಹೋಗುತ್ತಿದ್ದವು. ೨೦೧೨ರ ಜನವರಿಯ ಹತ್ತನೆಯ ಆವೃತ್ತಿಯಿಂದ ಈ ಕ್ರಮವನ್ನು ತಿರುಗುಮುರುಗಾಗಿಸಿ, ಹೊಂದುವುದಿಲ್ಲವೆಂದು ಗೊತ್ತಾಗುವವರೆಗೆ ಹೊಂದುತ್ತದೆಂದೇ ಭಾವಿಸುವ ರೀತಿಯನ್ನು ತಂದರು. ಇದು ಉಪಶಮನವಾಯಿತೇ ಹೊರತು ಚಿಕಿತ್ಸೆಯಾಗಲಿಲ್ಲ.

ಇಲ್ಲಿ ಜೋಟೆರೋ ಎಂಬ ಸಾಧನದ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಗ್ರಂಥಸೂಚಿಯನ್ನು ಸಿದ್ಧಪಡಿಸುವವರಿಗೆ ಇದು ಅಪರಿಚಿತವಲ್ಲ. ಅಮೆರಿಕದ ವರ್ಜೀನಿಯಾದಲ್ಲಿರುವ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸಕೇಂದ್ರದವರು ೨೦೦೬ರಲ್ಲಿ ಇದನ್ನು ಫೈರ್‌ಫಾಕ್ಸಿನ ವಿಸ್ತರಣೆಯಾಗಿ ಹೊರತಂದರು. ಸಂಪಾದಿಸಿಕೊಳ್ಳು, ಸ್ವಾಧೀನಪಡಿಸಿಕೊಳ್ಳು ಎಂಬರ್ಥದ ಅಲ್ಬೇನಿಯನ್ ಕ್ರಿಯಾಪದದಿಂದ ಈ ಹೆಸರು ಬಂದಿದೆಯೆಂಬುದು ಶಬ್ದವ್ಯುತ್ಪತ್ತಿಯಲ್ಲಿ ಆಸಕ್ತಿಯುಳ್ಳವರಿಗೆ ರುಚಿಸುವ ಸಂಗತಿ. ಗ್ರಂಥಾಲಯದ ಸೂಚೀಪುಟ ತೆರೆದಿರುವಾಗ ಒಂದು ಗುರುತನ್ನು ಒತ್ತಿದರೆ ಕರ್ತೃ, ಗ್ರಂಥ, ಪ್ರಕಾಶಕ, ವರ್ಷ ಮುಂತಾದ ವಿವರಗಳು ಓದುಗನ ಸ್ವಂತ ಸಂಗ್ರಹಕ್ಕೆ ಬಂದು ಸೇರುತ್ತಿದ್ದುವು. ಸಂಗ್ರಹ, ಟಿಪ್ಪಣಿ, ಉಲ್ಲೇಖ ಎಲ್ಲವೂ ಬ್ರೌಸರಿನ ಕಿಟಕಿಯೊಳಗೇ ಇದ್ದುವು. ಫೈರ್‌ಫಾಕ್ಸಿನ ಒಳ ಅಂಗಗಳು ಎಲ್ಲರಿಗೂ ತೆರೆದಿದ್ದುದರಿಂದಲೇ ಇಂಥ ದೊಡ್ಡ ಕಟ್ಟಡವನ್ನು ಅದರೊಳಗೆ ಎಬ್ಬಿಸುವುದು ಸಾಧ್ಯವಾಗಿತ್ತು.

೨೦೧೫ರ ಆಗಸ್ಟಿನಲ್ಲಿ ಮೊಝಿಲ್ಲಾದವರು ಹಳೆಯ ಬಗೆಯ ವಿಸ್ತರಣೆಗಳನ್ನು ಕೈಬಿಡುವ ನಿರ್ಧಾರವನ್ನು ಪ್ರಕಟಿಸಿದರು. ೨೦೧೭ರ ನವೆಂಬರಿನಲ್ಲಿ ಬಂದ ಐವತ್ತೇಳನೆಯ ಆವೃತ್ತಿ ಅದನ್ನು ಕಾರ್ಯಗತಗೊಳಿಸಿತು. ಬ್ರೌಸರಿನ ಕೆಲಸವನ್ನು ಹಲವು ಪ್ರತ್ಯೇಕ ಪ್ರಕ್ರಿಯೆಗಳಾಗಿ ಹಂಚಿ ವೇಗವನ್ನೂ ಭದ್ರತೆಯನ್ನೂ ಹೆಚ್ಚಿಸಬೇಕಾಗಿತ್ತು. ಎಲ್ಲ ಅಂಗಗಳೂ ಒಂದೇ ಮನೆಯಲ್ಲಿವೆಯೆಂದು ನಂಬಿ ಬರೆದ ಹಳೆಯ ವಿಸ್ತರಣೆಗಳು ಇದಕ್ಕೆ ಅಡ್ಡವಾಗಿದ್ದುವು. ಕಾರಣ ಯುಕ್ತವೇ. ಆದರೂ ಒಂದೇ ದಿನ ಸಾವಿರಾರು ವಿಸ್ತರಣೆಗಳು ನಿರುಪಯುಕ್ತವಾದುವು. ಅವುಗಳಲ್ಲಿ ಹಲವಕ್ಕೆ ಬರೆದವರು ಯಾರೂ ಉಳಿದಿರಲಿಲ್ಲ.

ಜೋಟೆರೋ ನಾಶವಾಗಲಿಲ್ಲ. ಅದರ ಕರ್ತೃಗಳು ೨೦೧೧ರಿಂದಲೇ ಬ್ರೌಸರಿನ ಹಂಗಿಲ್ಲದೆ ನಡೆಯುವ ಒಂದು ರೂಪವನ್ನು ಜೊತೆಗಿರಿಸಿಕೊಂಡಿದ್ದರು. ೨೦೧೭ರ ಜುಲೈಯಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಫೈರ್‌ಫಾಕ್ಸಿನೊಳಗಿನ ರೂಪವನ್ನು ಪೂರ್ಣವಾಗಿ ಬಿಟ್ಟು ಸ್ವತಂತ್ರ ರೂಪವನ್ನೇ ಮುಖ್ಯವಾಗಿಸಿದರು. ಬ್ರೌಸರಿನಲ್ಲಿ ಉಳಿದುದು ಪುಟದ ವಿವರಗಳನ್ನು ಹೆಕ್ಕಿ ಅದೇ ಕಂಪ್ಯೂಟರಿನಲ್ಲಿರುವ ಮುಖ್ಯ ಕ್ರಮವಿಧಿಗೆ, ೨೩೧೧೯ ಎಂಬ ಸಂಖ್ಯೆಯ ದ್ವಾರದ ಮೂಲಕ, ತಲುಪಿಸುವ ಒಂದು ಸಣ್ಣ ಸಂಪರ್ಕ ಮಾತ್ರ. ಇದು ಸಾಧ್ಯವಾದುದಕ್ಕೆ ಒಂದು ರಚನಾವಿಶೇಷ ಕಾರಣ. ಯಾವ ಗ್ರಂಥಾಲಯದ ಪುಟವನ್ನು ಹೇಗೆ ಓದಬೇಕೆಂಬ ಸೂತ್ರಗಳನ್ನು ಪ್ರತಿಯೊಂದು ತಾಣಕ್ಕೂ ಬೇರೆ ಬೇರೆ ಚಿಕ್ಕ ಕಡತಗಳಲ್ಲಿ ಇರಿಸಲಾಗಿತ್ತು. ಆ ಕಡತಗಳು ಫೈರ್‌ಫಾಕ್ಸಿಗೆ ಅಂಟಿಕೊಂಡಿರಲಿಲ್ಲ. ಸಂಗ್ರಹವೂ ಓದುಗನ ಯಂತ್ರದಲ್ಲಿಯೇ ಪ್ರತ್ಯೇಕ ದತ್ತಕೋಶವಾಗಿತ್ತು. ಕಟ್ಟಿಗೆಯ ರಟ್ಟು ಹುಳುಹಿಡಿದರೂ ಗರಿಗಳು ಕ್ಷೇಮವಾಗಿದ್ದುವೆಂದರೆ ತಪ್ಪಾಗದು. ಕಥೆ ಇಲ್ಲಿಗೇ ಮುಗಿಯಲಿಲ್ಲವೆಂಬುದೂ ಗಮನಾರ್ಹ. ಸ್ವತಂತ್ರ ರೂಪವೂ ಮೊಝಿಲ್ಲಾದ ತಳಹದಿಯ ಮೇಲೆಯೇ ನಿಂತಿತ್ತಾದುದರಿಂದ, ೨೦೨೪ರ ಆಗಸ್ಟಿನಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ಆ ತಳಹದಿಯನ್ನು ಹೊಸದಾಗಿಸಿದಾಗ, ಜೋಟೆರೋವಿಗೆಂದೇ ಇತರರು ಬರೆದ ಉಪಸಾಧನಗಳನ್ನೆಲ್ಲ ಮತ್ತೆ ತಿದ್ದಿ ಬರೆಯಬೇಕಾಯಿತು. ಆಶ್ರಯಕ್ಕೆ ಆಶ್ರಯವಾದುದು ಚಲಿಸಿದರೆ ಮೇಲಿನದೂ ಚಲಿಸುತ್ತದೆ.

ಹಳೆಯದರ ಸ್ಥಾನಕ್ಕೆ ಬಂದುದು ಯಾವುದು? ಗೂಗಲ್ ಸಂಸ್ಥೆಯ ಕ್ರೋಮ್ ೨೦೦೮ರಲ್ಲಿ ಹುಟ್ಟಿತು. ಅದರ ಸ್ಥಿರ ಆವೃತ್ತಿಯಲ್ಲಿ ೨೦೧೦ರ ಜನವರಿಯಿಂದ ವಿಸ್ತರಣೆಗಳಿಗೆ ಅವಕಾಶ ದೊರೆಯಿತು. ಕ್ರೋಮ್ ತನ್ನ ಒಳ ಅಂಗಗಳನ್ನು ಮುಟ್ಟಗೊಡದೆ, ತಾನು ಕೊಟ್ಟ ಆಜ್ಞಾಸೂತ್ರಗಳನ್ನು ಮಾತ್ರ ಬಳಸಗೊಟ್ಟಿತು. ೨೦೧೩ರಲ್ಲಿ ಒಪೆರಾ ತನ್ನದೇ ಯಂತ್ರವನ್ನು ಬಿಟ್ಟು ಕ್ರೋಮಿನ ತಳಹದಿಯಾದ ಕ್ರೋಮಿಯಮ್ಮನ್ನು ಸ್ವೀಕರಿಸಿತು. ಮೈಕ್ರೋಸಾಫ್ಟಿನ ಎಡ್ಜ್ ೨೦೧೬ರಲ್ಲಿ ಇದೇ ಮಾದರಿಯ ವಿಸ್ತರಣೆಗಳಿಗೆ ಎಡೆಗೊಟ್ಟು, ೨೦೨೦ರ ಜನವರಿಯಲ್ಲಿ ಕ್ರೋಮಿಯಮ್ಮಿಗೇ ಸೇರಿತು. ಫೈರ್‌ಫಾಕ್ಸಿನ ಹೊಸ ವ್ಯವಸ್ಥೆ ಬಹುಮಟ್ಟಿಗೆ ಕ್ರೋಮಿನದನ್ನೇ ಅನುಸರಿಸಿ ‘ವೆಬ್‌ಎಕ್ಸ್‌ಟೆನ್ಷನ್ಸ್’ ಎಂಬ ಹೆಸರು ಪಡೆಯಿತು. ಆಪಲ್‌ನ ಸಫಾರಿಯೂ ೨೦೨೦ರ ಹದಿನಾಲ್ಕನೆಯ ಆವೃತ್ತಿಯಲ್ಲಿ ಈ ಮಾರ್ಗಕ್ಕೆ ಬಂದಿತು. ಹೀಗೆ ಯಾರೂ ಸಭೆ ಸೇರಿ ಒಪ್ಪದೆಯೇ, ಒಂದು ಸಂಸ್ಥೆಯ ಪ್ರಯೋಗವು ಉಳಿದವರಿಗೆ ಮಾದರಿಯಾಯಿತು. ಲಕ್ಷ್ಯವು ಮೊದಲು, ಲಕ್ಷಣವು ಆಮೇಲೆ ಎಂಬುದು ಶಾಸ್ತ್ರಕಾರರಿಗೆ ಹೊಸ ಮಾತಲ್ಲ. ಆದರೆ ವ್ಯಾಕರಣದಲ್ಲಿ ಲಕ್ಷ್ಯವು ಹಲವು ಕವಿಗಳ ಪ್ರಯೋಗ. ಇಲ್ಲಿಯ ಲಕ್ಷ್ಯವಾದರೋ ಒಬ್ಬನದೇ, ಅದೂ ಅವನು ಬೇಕೆಂದಾಗ ಬದಲಾಯಿಸಬಲ್ಲದ್ದು.

ಮಾದರಿ ಒಂದಾದರೂ ಪ್ರತಿಗಳು ಒಂದಾಗಲಿಲ್ಲ. ಕ್ರೋಮ್ ತನ್ನ ಸೂತ್ರಗಳನ್ನು ‘ಕ್ರೋಮ್’ ಎಂಬ ಹೆಸರಿನಡಿಯಲ್ಲಿ ಇರಿಸಿತು. ಫೈರ್‌ಫಾಕ್ಸ್ ‘ಬ್ರೌಸರ್’ ಎಂಬ ಸಾಮಾನ್ಯನಾಮವನ್ನು ತಂದು, ಹಳೆಯ ಹೆಸರನ್ನೂ ಒಪ್ಪಿಕೊಂಡಿತು. ಕೆಲಸ ಮುಗಿದ ಮೇಲೆ ಉತ್ತರವನ್ನು ತಿಳಿಸುವ ವಿಧಾನದಲ್ಲಿಯೂ ಇವೆರಡಕ್ಕೆ ಬಹುಕಾಲ ಭೇದವಿತ್ತು. ಈ ಭೇದವನ್ನು ಮುಚ್ಚಲು ಮೊಝಿಲ್ಲಾದವರು ನಡುವೆ ಕುಳಿತು ಅನುವಾದಿಸುವ ಒಂದು ಸಹಾಯಕ ಕಡತವನ್ನೇ ಬರೆದುಕೊಟ್ಟರು. ಸಫಾರಿಯಲ್ಲಾದರೆ ವಿಸ್ತರಣೆಯನ್ನು ಒಂದು ಪೂರ್ಣ ಆ್ಯಪಿನ ಒಳಗೆ ಕಟ್ಟಿ ಆಪಲ್‌ನ ಅಂಗಡಿಯ ಮೂಲಕ ಹಂಚಬೇಕಾಗುತ್ತದೆ.

ಭೇದದ ಸೂಕ್ಷ್ಮತೆ ತಿಳಿಯಲು ಒಂದೇ ಸ್ಥಳವನ್ನು ನೋಡಿದರೆ ಸಾಕು. ಮ್ಯಾನಿಫೆಸ್ಟಿನ ಮೂರನೆಯ ಪರಿಷ್ಕರಣವನ್ನು ಕ್ರೋಮ್ ೨೦೨೧ರ ಜನವರಿಯಿಂದ ಸ್ವೀಕರಿಸತೊಡಗಿತು. ಫೈರ್‌ಫಾಕ್ಸ್ ೨೦೨೩ರ ಜನವರಿಯಲ್ಲಿ. ಹಿನ್ನೆಲೆಯ ಭಾಗವು ‘ಸರ್ವೀಸ್ ವರ್ಕರ್’ ಎಂಬ ರೂಪದಲ್ಲಿಯೇ ಇರಬೇಕೆಂದು ಕ್ರೋಮ್ ವಿಧಿಸಿತು. ಕೆಲಸವಿಲ್ಲದಾಗ ಅದು ಮಲಗುತ್ತದೆ, ಕರೆದಾಗ ಏಳುತ್ತದೆ. ಫೈರ್‌ಫಾಕ್ಸ್ ಮಲಗಿ ಏಳುವ ಗುಣವನ್ನು ಒಪ್ಪಿದರೂ ರೂಪವನ್ನು ಒಪ್ಪದೆ ‘ಸ್ಕ್ರಿಪ್ಟ್ಸ್’ ಎಂಬ ಹಳೆಯ ಸಾಲನ್ನೇ ಉಳಿಸಿಕೊಂಡಿತು. ಫಲವಾಗಿ ಎರಡೂ ಸಾಲುಗಳನ್ನು ಒಂದೇ ವಿವರಪತ್ರದಲ್ಲಿ ಬರೆದರೆ ಕ್ರೋಮ್ ಆ ವಿಸ್ತರಣೆಯನ್ನು ಒಳಕ್ಕೇ ಬಿಡುತ್ತಿರಲಿಲ್ಲ. ಒಂದೇ ಗ್ರಂಥಕ್ಕೆ ಒಂದು ಸಾಲಿನ ಭೇದಕ್ಕಾಗಿ ಎರಡು ಪ್ರತಿ ಮಾಡಿಸಿದಂತಾಯಿತು. ಎರಡೂ ಬ್ರೌಸರುಗಳ ನೂರಿಪ್ಪತ್ತೊಂದನೆಯ ಆವೃತ್ತಿಯಿಂದ ಈ ತೊಡಕು ಬಗೆಹರಿಯಿತು: ಎರಡೂ ಸಾಲುಗಳು ಇರಬಹುದು, ತನಗೆ ತಿಳಿದುದನ್ನು ಹಿಡಿದು ಉಳಿದುದನ್ನು ಪ್ರತಿಯೊಂದು ಬ್ರೌಸರೂ ಬದಿಗಿರಿಸುತ್ತದೆ. ತನಗೆ ತಿಳಿಯದ ಸಾಲನ್ನು ದೋಷವೆಂದು ತಿರಸ್ಕರಿಸದೆ ದಾಟಿಹೋಗುವುದು ಹೊಂದಾಣಿಕೆಯ ಮೂಲಭೂತ ಉಪಾಯ.

ಇಂಥ ಒಪ್ಪಂದಗಳನ್ನು ಚರ್ಚಿಸಲು ವಿಶ್ವವ್ಯಾಪಿ ಜಾಲದ ಪ್ರಮಾಣಸಂಸ್ಥೆಯಾದ ಡಬ್ಲ್ಯೂ-ತ್ರೀ-ಸಿ ಆಶ್ರಯದಲ್ಲಿ ೨೦೨೧ರ ಜೂನಿನಲ್ಲಿ ವೆಬ್‌ಎಕ್ಸ್‌ಟೆನ್ಷನ್ಸ್ ಸಮುದಾಯಮಂಡಲಿ ಆರಂಭವಾಯಿತು. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಝಿಲ್ಲಾ ಈ ನಾಲ್ಕು ಸಂಸ್ಥೆಗಳು ಇದರ ಪ್ರವರ್ತಕರು. ಸಮುದಾಯಮಂಡಲಿಯ ಬರೆಹಕ್ಕೂ ಆ ಸಂಸ್ಥೆಯ ವಿಧ್ಯುಕ್ತ ಶಿಫಾರಸಿಗೂ ಅಂತರವಿದೆಯೆಂಬುದನ್ನು ಮರೆಯಬಾರದು. ಮೊದಲನೆಯದು ವಿದ್ವದ್ಗೋಷ್ಠಿಯ ಅಭಿಪ್ರಾಯ. ಎರಡನೆಯದು ಪರಾಮರ್ಶೆಯ ಹಲವು ಹಂತಗಳನ್ನು ದಾಟಿ ಅಂಗೀಕೃತವಾದ ಗ್ರಂಥ. ಸೂತ್ರಗಳ ಸಮಾನ ತಿರುಳನ್ನು ಗೊತ್ತುಪಡಿಸುವುದು ಮಂಡಲಿಯ ಉದ್ದೇಶ. ವಿಸ್ತರಣೆಗಳಿಗೆ ಮುದ್ರೆಯೊತ್ತುವುದು, ಹಂಚುವುದು, ಅಂಗಡಿಯ ನಿಯಮ ಇವೆಲ್ಲವನ್ನೂ ಆಯಾ ಸಂಸ್ಥೆಗೇ ಬಿಡಲಾಗಿದೆ.

ಈ ಬಿಡುವಿಕೆ ಸಣ್ಣದಲ್ಲ. ಫೈರ್‌ಫಾಕ್ಸಿನಲ್ಲಿ ೨೦೧೬ರ ವೇಳೆಗೆ ಮೊಝಿಲ್ಲಾದ ಮುದ್ರೆಯಿಲ್ಲದ ವಿಸ್ತರಣೆ ಸಾಮಾನ್ಯ ಆವೃತ್ತಿಯಲ್ಲಿ ನಡೆಯದೆಂಬ ನಿಯಮ ಬಂದಿತ್ತು. ೨೦೧೯ರ ಮೇ ೪ರಂದು ಆ ಮುದ್ರೆಗೆ ಆಧಾರವಾದ ಒಂದು ಪ್ರಮಾಣಪತ್ರದ ಅವಧಿ ಮುಗಿಯಿತು. ಅದನ್ನು ಯಾರೂ ನವೀಕರಿಸಿರಲಿಲ್ಲ. ಯಾವ ದೋಷವೂ ಇಲ್ಲದ ವಿಸ್ತರಣೆಗಳು ಲೋಕದಾದ್ಯಂತ ಒಮ್ಮೆಲೇ ನಿಷ್ಕ್ರಿಯವಾದುವು. ಮರುದಿನ ತಿದ್ದುಪಡಿಯ ಆವೃತ್ತಿ ಬಂದಿತಾದರೂ, ಸೂತ್ರಗಳ ಹೊಂದಾಣಿಕೆಯೊಂದರಿಂದಲೇ ಎಲ್ಲವೂ ಕ್ಷೇಮವಾಗದೆಂಬುದು ಇದರಿಂದ ವೇದ್ಯವಾಗುತ್ತದೆ.

ಪ್ರಮಾಣವನ್ನು ಯಾರು ನಿರ್ಣಯಿಸಬೇಕೆಂಬ ವಾದ ತೀವ್ರವಾದುದು ಮೂರನೆಯ ಮ್ಯಾನಿಫೆಸ್ಟಿನ ಮತ್ತೊಂದು ವಿಧಿಯಿಂದ. ಹಿಂದೆ ವಿಸ್ತರಣೆಯು ಬಾಗಿಲು ಕಾಯುವವನಂತೆ ನಿಂತು, ಪುಟದೊಡನೆ ಬರುವ ಪ್ರತಿಯೊಂದು ವಸ್ತುವನ್ನೂ ಪರೀಕ್ಷಿಸಿ ಬಿಡಬಹುದು ಅಥವಾ ತಡೆಯಬಹುದಾಗಿತ್ತು. ಕ್ರೋಮಿನ ಹೊಸ ವಿಧಿಯಂತೆ ವಿಸ್ತರಣೆಯು ತಡೆಯಬೇಕಾದವುಗಳ ನಿಯಮಪಟ್ಟಿಯನ್ನು ಮೊದಲೇ ಬ್ರೌಸರಿಗೆ ಒಪ್ಪಿಸಬೇಕು. ತಡೆಯುವ ಕಾರ್ಯ ಬ್ರೌಸರಿನದು. ವಿಸ್ತರಣೆಯೊಂದಕ್ಕೆ ೩೦,೦೦೦ ಸ್ಥಿರನಿಯಮಗಳ ಭರವಸೆಯಿದೆ. ಅದಕ್ಕಿಂತ ಹೆಚ್ಚಿನದು ಎಲ್ಲ ವಿಸ್ತರಣೆಗಳೂ ಹಂಚಿಕೊಳ್ಳಬೇಕಾದ ಪಾಲು. ಎಲ್ಲವನ್ನೂ ನೋಡುವ ದ್ವಾರಪಾಲಕನು ದುಷ್ಟನಾದರೆ ಓದುಗನ ಗುಟ್ಟೆಲ್ಲ ಅವನ ಪಾಲಾಗುವುದೆಂಬ ಗೂಗಲ್‌ನ ವಾದದಲ್ಲಿ ಹುರುಳಿದೆ. ಆದರೆ ಜಾಹೀರಾತಿನಿಂದಲೇ ಮುಖ್ಯ ಆದಾಯ ಪಡೆಯುವ ಸಂಸ್ಥೆಯೊಂದು, ಜಾಹೀರಾತನ್ನು ತಡೆಯುವ ಸಾಧನಗಳ ಶಕ್ತಿಯನ್ನು ಕುಗ್ಗಿಸುವ ವಿಧಿಯನ್ನು ತಾನೇ ರಚಿಸಿ ತಾನೇ ಜಾರಿಗೆ ತರುವಾಗ, ನಿಷ್ಪಕ್ಷಪಾತವಾದ ಪ್ರಮಾಣವೆಂದು ಅದನ್ನು ಕರೆಯುವುದು ಕಷ್ಟ. ೨೦೨೪ರ ಜೂನಿನಿಂದ ಕ್ರೋಮ್ ಹಳೆಯ ಬಗೆಯ ವಿಸ್ತರಣೆಗಳನ್ನು ಹಂತಹಂತವಾಗಿ ನಿಲ್ಲಿಸತೊಡಗಿತು. ೨೦೨೫ರಲ್ಲಿ ಅದು ಪೂರ್ಣಗೊಂಡಿತು. ಪ್ರಸಿದ್ಧವಾದ ಯುಬ್ಲಾಕ್ ಒರಿಜಿನ್ ಎಂಬ ಸಾಧನ ಕ್ರೋಮಿನಲ್ಲಿ ನಿಂತು, ಅದರ ಕರ್ತೃವು ಹೊಸ ವಿಧಿಗೆ ತಕ್ಕಂತೆ ಲಘುವಾದ ಬೇರೊಂದು ಪಾಠವನ್ನು ಒದಗಿಸಬೇಕಾಯಿತು. ಫೈರ್‌ಫಾಕ್ಸ್ ಎರಡು ಮಾರ್ಗಗಳನ್ನೂ ಇರಿಸಿಕೊಂಡಿತು.

ನಿಜವಾದ ಪ್ರಮಾಣಕ್ಕೆ ಇರಬೇಕಾದ ಸ್ಥಿರತೆ ಯಾವುದೆಂಬುದಕ್ಕೆ ಕನ್ನಡ ಲಿಪಿಯಲ್ಲಿಯೇ ನಿದರ್ಶನವಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ೦ಸಿ೮೦ರಿಂದ ೦ಸಿಎಫ್‌ಎಫ್‌ವರೆಗಿನ ಸ್ಥಾನಗಳು ಮೀಸಲಾಗಿವೆ. ಹಳಗನ್ನಡದ ಱ ಮತ್ತು ೞ ಎರಡಕ್ಕೂ ಅಲ್ಲಿ ಎಡೆಯುಂಟು. ಆದರೆ ೞಕಾರದ ಸ್ಥಾನಕ್ಕೆ ಮೊದಲಲ್ಲಿ ಪ್ರಮಾದದಿಂದ ‘ಕನ್ನಡದ ಫ ಅಕ್ಷರ’ ಎಂಬರ್ಥದ ಇಂಗ್ಲಿಷ್ ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಾಯಿಸಬಾರದೆಂಬುದು ಯೂನಿಕೋಡಿನ ನಿಯಮವಾದುದರಿಂದ ಆ ತಪ್ಪನ್ನು ಅಳಿಸದೆ, ಅದರ ಬದಿಯಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಸೇರಿಸಲಾಗಿದೆ; ಲಿಪಿಕಾರನ ಸ್ಖಾಲಿತ್ಯವನ್ನು ಹಾಗೆಯೇ ಉಳಿಸಿ ಶುದ್ಧಪಾಠವನ್ನು ಅಡಿಯಲ್ಲಿ ಕೊಡುವ ಸಂಪಾದನಕ್ರಮಕ್ಕೆ ಇದು ಭಿನ್ನವಲ್ಲ. ನಕಾರಪೊಲ್ಲು ೨೦೨೧ರ ಹದಿನಾಲ್ಕನೆಯ ಆವೃತ್ತಿಯಲ್ಲಿ ಸೇರಿತು. ಹೊಸದು ಸೇರಬಹುದು, ಸೇರಿದುದು ಸ್ಥಾನ ಕದಲದು. ವಿಸ್ತರಣೆಗಳ ಸೂತ್ರಗಳಿಗೆ ಇಂಥ ಭರವಸೆ ಎಂದೂ ಇರಲಿಲ್ಲ.

ಇದಕ್ಕೆ ಪ್ರಾಯೋಗಿಕವಾದ ಪರಿಣಾಮವುಂಟು. ಪುಟದಲ್ಲಿ ಹುಡುಕುವ, ಲಿಪ್ಯಂತರ ಮಾಡುವ ವಿಸ್ತರಣೆಯು ನೋಡುವುದು ಅಕ್ಷರದ ಆಕಾರವನ್ನಲ್ಲ, ಅದರ ಸಂಕೇತಸಂಖ್ಯೆಯನ್ನು. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಅಚ್ಚಾದ ಕನ್ನಡ ಕಡತಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗಿರುವುದು ರೋಮನ್ ಸಂಕೇತಗಳು. ವಿಸ್ತರಣೆಗೆ ಅದು ಅರ್ಥವಿಲ್ಲದ ಅಕ್ಷರರಾಶಿ. ಆದುದರಿಂದ ಪ್ರತಿಲೇಖನವನ್ನು ಯೂನಿಕೋಡಿನ ಸಾದಾ ಪಠ್ಯವಾಗಿಯೂ, ಗ್ರಂಥಸೂಚಿಯನ್ನು ಬಿಬ್‌ಟೆಕ್ ಅಥವಾ ಆರ್‌ಐಎಸ್ ರೂಪದಲ್ಲಿಯೂ ವಿಸ್ತರಣೆಯ ಹೊರಗೆ ಇನ್ನೊಂದು ಪ್ರತಿ ತೆಗೆದಿರಿಸುವುದು ಅವಶ್ಯಕ. ಜೋಟೆರೋ ಈ ಎರಡು ರೂಪಗಳಲ್ಲಿಯೂ ಸಂಗ್ರಹವನ್ನು ಹೊರತೆಗೆದು ಕೊಡುತ್ತದೆ. ಹೊಸ ವಿಸ್ತರಣೆಯನ್ನು ಸ್ವೀಕರಿಸುವಾಗ ಅದರ ವಿವರಪತ್ರವನ್ನು ಓದಿ ನೋಡುವುದೂ ಕಷ್ಟವೇನಲ್ಲ. ಫೈರ್‌ಫಾಕ್ಸಿನ ಎಕ್ಸ್‌ಪಿಐ ಕಟ್ಟು ವಾಸ್ತವವಾಗಿ ಜಿಪ್ ಕಟ್ಟೇ ಆಗಿದೆ. ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಾಯಿಸಿದರೆ ಅದು ಬಿಚ್ಚಿಕೊಳ್ಳುತ್ತದೆ, ಒಳಗೆ ಮ್ಯಾನಿಫೆಸ್ಟ್ ಎಂಬ ಕಡತದಲ್ಲಿ ಅದು ಬೇಡಿರುವ ಅನುಮತಿಗಳೆಲ್ಲ ಸಾಲಾಗಿ ಕಾಣಸಿಗುತ್ತವೆ.